ಆದವಾನಿಯ ನೋಟೀಸು ಬೋರ್ಡು

ಆದವಾನಿ ಎಂದರೆ ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಗುಂತಕಲ್ಲಿನಿಂದ ಮಂತ್ರಾಲಯದ ಕಡೆಗೆ ರೈಲಿನಲ್ಲಿ ಹೋಗುವಾಗ ನಡುವೆ ಸಿಗುವ ಒಂದು ನಿಲ್ದಾಣ, ಅಷ್ಟೆ. ಹತ್ತಿಯ ವ್ಯಾಪಾರಕ್ಕೆ ಹೆಸರಾದ ಆ ಪೇಟೆಯನ್ನು ಈಗ ಕಾಗದಪತ್ರಗಳಲ್ಲಿ ಆದೋನಿ ಎಂದು ಬರೆಯುತ್ತಾರೆ. ಅಲ್ಲಿನ ಪುರಸಭೆ ಹುಟ್ಟಿದ್ದು 1865ರಲ್ಲಿ. ನಮ್ಮ ಮಂಗಳೂರಿನ ಪುರಸಭೆ 1866ರದ್ದಾದುದರಿಂದ ಆದವಾನಿಯದು ಅದಕ್ಕಿಂತ ಒಂದು ವರ್ಷ ಹಿರಿಯದು. ಆಗ ಆದವಾನಿ ಇದ್ದುದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿ. ಕಾಸರಗೋಡು ಇದ್ದುದು ಅದೇ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಒಂದೇ ಸರಕಾರದ ಕೆಳಗಿದ್ದ ಈ ಎರಡು ಊರುಗಳ ಕನ್ನಡಿಗರು, ಮೂರು ವರ್ಷಗಳ ಅಂತರದಲ್ಲಿ, ಮನೆಯಿಂದ ಒಂದು ಹೆಜ್ಜೆಯನ್ನೂ ಕದಲಿಸದೆ ಬೇರೆ ಬೇರೆ ರಾಜ್ಯಗಳ ಅಲ್ಪಸಂಖ್ಯಾತರಾದರು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯನ್ನು ಒಡೆಯಲಾಯಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೂ, ಬಳ್ಳಾರಿ ಸಹಿತ ಉಳಿದವು ಮೈಸೂರಿಗೂ ಹೋದವು. ರಾಯದುರ್ಗ ಅನಂತಪುರ ಜಿಲ್ಲೆಗೆ ಸೇರಿತು. ಆದವಾನಿ, ಆಲೂರು ಕರ್ನೂಲು ಜಿಲ್ಲೆಯ ಪಡುವಣ ಅಂಚಾದವು. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಹಳೆಯ ಗಡಿ ತಕರಾರನ್ನು ಕೆದಕುವುದು ಇಂದಿನ ನಮ್ಮ ಉದ್ದೇಶವಲ್ಲ. ಆದವಾನಿ ಪೇಟೆಯಲ್ಲಿ ತೆಲುಗರೂ ಉರ್ದು ಮಾತಾಡುವವರೂ ಬಹುಸಂಖ್ಯೆಯಲ್ಲಿದ್ದಾರೆ; ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹೊಳಗುಂದ, ಹಾಲಹರ್ವಿ, ಕೌತಾಳಂ, ಕೋಸಿಗಿ ಮೊದಲಾದ ಗಡಿ ಮಂಡಲಗಳ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಮನೆಮಾತು. ವಿಜಯದಾಸರು ತಮ್ಮ ಕೊನೆಗಾಲವನ್ನು ಕಳೆದ ಚಿಪ್ಪಗಿರಿ ಈ ಸೀಮೆಯದೇ. ಮಂತ್ರಾಲಯದ ಮಠವಿರುವುದೂ ಇಲ್ಲೇ. ರಾಯರ ದರ್ಶನಕ್ಕೆ ಹೋದವರು ಮಠದ ಒಳಗೂ ಹೊರಗೂ ಧಾರಾಳ ಕನ್ನಡ ಕಂಡು ಹಿಗ್ಗಿ ಬರುತ್ತಾರೆ. ಯಾತ್ರಿಕರಿಗೆ ಸಿಗುವ ಆ ಕನ್ನಡ ಅಲ್ಲಿನ ರೈತನಿಗೆ ಪಂಚಾಯತು ಕಚೇರಿಯಲ್ಲಿ ಸಿಗುತ್ತದೆಯೇ ಎಂದು ಕೇಳುವವರು ಮಾತ್ರ ವಿರಳ.

ಇಂದು ನಾವು ಎತ್ತಿಕೊಂಡಿರುವುದು ಆ ಪ್ರಶ್ನೆಯನ್ನೇ. ಸ್ಥಳೀಯ ಸಭೆ ತನ್ನ ಜನರೊಡನೆ ಯಾವ ಮಾತಿನಲ್ಲಿ, ಯಾವ ದಾರಿಯಿಂದ ಮಾತಾಡಬೇಕು? ವಿಧಾನಸಭೆಯಲ್ಲಿ ಯಾವ ಭಾಷೆಯಲ್ಲಿ ಭಾಷಣವಾಯಿತು ಎಂಬುದು ಹಳ್ಳಿಯ ಮುದುಕಿಗೆ ಮುಖ್ಯವಲ್ಲ. ನಳದಲ್ಲಿ ನೀರು ಯಾವ ದಿನ ಬರುತ್ತದೆ, ಮನೆತೆರಿಗೆ ಯಾಕೆ ಏರಿತು, ಪಿಂಚಣಿ ಪಟ್ಟಿಯಿಂದ ತನ್ನ ಹೆಸರು ಹೋದದ್ದೇಕೆ, ರಸ್ತೆ ಅಗಲ ಮಾಡುವಾಗ ತನ್ನ ಜಗಲಿ ಉಳಿಯುವುದೋ ಹೋಗುವುದೋ ಎಂಬಿವು ಮುಖ್ಯ. ಇವೆಲ್ಲ ಪಂಚಾಯತಿನ, ಪುರಸಭೆಯ ಕೆಲಸಗಳು. ಸರಕಾರಗಳಲ್ಲಿ ಅತ್ಯಂತ ಸಮೀಪದ್ದು ಇದು. ಸಮೀಪದ ಸರಕಾರವೇ ತಿಳಿಯದ ಭಾಷೆಯಲ್ಲಿ ಮಾತಾಡಿದರೆ ಜನರಿಗೆ ಅದು ದೂರದ ಸರಕಾರಕ್ಕಿಂತಲೂ ದೂರವಾಗುತ್ತದೆ.

ಹಿಂದಿನ ಕಾಲದಲ್ಲಿ ಈ ತೊಡಕು ಇಷ್ಟಿರಲಿಲ್ಲ. ಆಗ ಸುದ್ದಿ ಸಾರುತ್ತಿದ್ದುದು ಡಂಗುರದ ಮೂಲಕ. ಮದರಾಸು ಪ್ರಾಂತದ ಆಡಳಿತದಲ್ಲಿ ಡಂಗುರ ಹೊಡೆಸಿ ಪ್ರಕಟಿಸುವುದು ಕಾನೂನು ಒಪ್ಪಿದ ಕ್ರಮವಾಗಿತ್ತು. ತಳವಾರನೋ ಅವನಂಥ ಊರಿನ ಚಾಕರಿಯವನೋ ಸಂಜೆ ಹೊತ್ತು, ಹೊಲಕ್ಕೆ ಹೋದವರು ಮರಳಿದ ಮೇಲೆ, ಓಣಿಯ ತಿರುವಿನಲ್ಲಿ ನಿಂತು ನಾಲ್ಕು ಪೆಟ್ಟು ಹಾಕಿ ಕೂಗುತ್ತಿದ್ದ. ಕೂಗುವವನು ಊರಿನವನೇ ಆದುದರಿಂದ ಓಣಿಯ ಮಾತಿನಲ್ಲೇ ಕೂಗುತ್ತಿದ್ದ. ತೆಲುಗರ ಓಣಿಯಲ್ಲಿ ತೆಲುಗು, ಕನ್ನಡದವರ ಓಣಿಯಲ್ಲಿ ಕನ್ನಡ. ಭಾಷಾ ನೀತಿ ಎಂಬ ಶಬ್ದವನ್ನು ಅವನು ಕೇಳಿರಲಾರ, ಆದರೆ ಅವನ ಕೆಲಸಕ್ಕೆ ಅದು ಬೇಕಾಗಿಯೂ ಇರಲಿಲ್ಲ. ಅರ್ಥವಾಗದವರು ಅಲ್ಲೇ ನಿಲ್ಲಿಸಿ, 'ಏನಪ್ಪಾ ಅದು, ಇನ್ನೊಮ್ಮೆ ಹೇಳು' ಎಂದು ಕೇಳಬಹುದಿತ್ತು. ನೋಟೀಸು ಬೋರ್ಡಿಗೆ ಹಾಗೆ ಕೇಳಲಾಗುವುದಿಲ್ಲ. ಡಂಗುರದ ಕಾಲ ಮರಳಿ ಬರಲಿ ಎನ್ನುವವರು ನಾವಲ್ಲ. ಆ ಚಾಕರಿಯನ್ನು ಯಾವ ಜಾತಿಯವರ ತಲೆಗೆ ಕಟ್ಟಿದ್ದರು ಎಂಬುದು ನಮಗೆ ಗೊತ್ತಿದೆ. ಅದರಿಂದ ಕಲಿಯಬೇಕಾದುದು ಒಂದೇ: ಸುದ್ದಿ ಮುಟ್ಟಿತೇ ಎಂದು ನೋಡಿಕೊಳ್ಳುವ ಹೊಣೆ ಸಾರುವವನದಾಗಿತ್ತು. ಕಾಗದದ ಆಡಳಿತ ಬಂದ ಮೇಲೆ ಆ ಹೊಣೆ ಓದುವವನ ಹೆಗಲಿಗೆ ಜಾರಿದೆ. ಬೋರ್ಡಿಗೆ ಅಂಟಿಸಿದೊಡನೆ ಕಚೇರಿಯ ಕರ್ತವ್ಯ ಮುಗಿಯುತ್ತದೆ. ಓದಲಾಗದಿದ್ದರೆ ಅದು ಓದಲಾಗದವನ ತಪ್ಪು!

'ಅಲ್ಲಿನ ಕನ್ನಡಿಗರಿಗೆಲ್ಲ ತೆಲುಗು ಬರುತ್ತದಲ್ಲ?' ಎಂಬ ಮಾತು ಅಧಿಕಾರಿಗಳಿಂದ ಮಾತ್ರವಲ್ಲ, ನಮ್ಮವರಿಂದಲೂ ಬರುವುದುಂಟು. ಈ ಮಾತಿನಲ್ಲಿ ಸತ್ಯವಿದೆ. ಸಂತೆಯಲ್ಲಿ ಮೂರು ಮಾತು ಆಡುವ ಜನ ಅವರು. ತೆಲುಗು, ಕನ್ನಡ ಲಿಪಿಗಳೂ ಅಕ್ಕತಂಗಿಯರಂತೆ. ಒಂದನ್ನು ಬಲ್ಲವನು ಇನ್ನೊಂದನ್ನು ತಡವರಿಸಿಕೊಂಡಾದರೂ ಓದಿಯಾನು. ಮಲಯಾಳ ಲಿಪಿಯ ಎದುರು ನಮ್ಮ ಕನ್ನಡದ ಮಕ್ಕಳಿಗಾಗುವಷ್ಟು ಕಷ್ಟ ಅವರಿಗಿಲ್ಲ. ಆದರೆ ಹತ್ತಿ ಮಾರುವ ತೆಲುಗು ಬೇರೆ, ನೋಟೀಸಿನ ತೆಲುಗು ಬೇರೆ. ಒಂದೇ ಒಂದು ಶಬ್ದ ನೋಡಿ. ಕನ್ನಡದಲ್ಲಿ ವಾಯಿದೆ ಎಂದರೆ ಗೊತ್ತುಪಡಿಸಿದ ಅವಧಿ, ಗಡುವು. ತೆಲುಗಿನಲ್ಲಿ ವಾಯಿದಾ ಹಾಕುವುದೆಂದರೆ ಮುಂದೂಡುವುದು. ಸಭೆಗೆ ವಾಯಿದಾ ಬಿದ್ದಿದೆ ಎಂದು ತೆಲುಗಿನಲ್ಲಿ ಬರೆದುದನ್ನು ಕನ್ನಡದವನು ಅಕ್ಷರ ಕೂಡಿಸಿ ಓದಿದರೆ, ಸಭೆಗೆ ದಿನ ಗೊತ್ತಾಗಿದೆ ಎಂದು ತಿಳಿದು ಬುತ್ತಿ ಕಟ್ಟಿಕೊಂಡು ಹೊರಟಾನು! ಪೂರಾ ತಿಳಿಯದ ಭಾಷೆಗಿಂತ ಅರ್ಧ ತಿಳಿದ ಭಾಷೆ ಹೆಚ್ಚು ಮೋಸಗೊಳಿಸುವುದು ಇಂಥ ಕಡೆಯೇ. ಏನೂ ತಿಳಿಯದವನು ಕೇಳುತ್ತಾನೆ. ತಿಳಿದೆನೆಂದು ಭಾವಿಸಿದವನು ಕೇಳುವುದಿಲ್ಲ.

ಮನೆತೆರಿಗೆಯ ವಿಷಯದಲ್ಲಿ ಇಂಥ ಎಡವಟ್ಟಿನಿಂದ ದಂಡ ಬಿದ್ದೀತು, ಹೋಗಲಿ. ಜೀವಕ್ಕೆ ಸಂಬಂಧಿಸಿದ ಸಂಗತಿಗಳೂ ಇವೆ. ತುಂಗಭದ್ರೆಯ ದಂಡೆಯ ಈ ಜನ 2009ರ ಅಕ್ಟೋಬರ್ ಮೊದಲ ವಾರದ ನೆರೆಯನ್ನು ಮರೆಯಲಾರರು. ಆಗ ಮಂತ್ರಾಲಯ ನೀರಿನಲ್ಲಿ ಮುಳುಗಿತು, ಕರ್ನೂಲು ನಗರಕ್ಕೂ ನೀರು ನುಗ್ಗಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಕೌತಾಳಂ, ಕೋಸಿಗಿ, ಮಂತ್ರಾಲಯ, ನಂದವರಂ ಮಂಡಲಗಳ ನದಿತೀರದವರು ಎಚ್ಚರದಿಂದಿರಬೇಕೆಂದು ಆಂಧ್ರದ ವಿಪತ್ತು ನಿರ್ವಹಣಾ ಸಂಸ್ಥೆ ಸೂಚನೆ ಹೊರಡಿಸಿತು. ಅಣೆಕಟ್ಟು ಇರುವುದು ಹೊಸಪೇಟೆಯ ಬಳಿ, ಕರ್ನಾಟಕದಲ್ಲಿ. ನೀರು ಹರಿದು ಹೋಗುವುದು ಆಂಧ್ರಕ್ಕೆ. ಮೇಲಿನ ಸಿರುಗುಪ್ಪ ಕಡೆಯವರಿಗೆ ಕನ್ನಡದಲ್ಲಿ ಬರುವ ಎಚ್ಚರಿಕೆ, ಅದೇ ಹೊಳೆಯ ಕೆಳಗಿನ ಹಳ್ಳಿಯ ಕನ್ನಡಿಗನಿಗೆ ತೆಲುಗಿನಲ್ಲಿ ಬರಬೇಕೆಂಬ ನಿಯಮ ಹೊಳೆಗಂತೂ ತಿಳಿಯದು. ಆ ಸಲ ಒಂದು ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿದ್ದರಿಂದ ಅನಾಹುತ ತಪ್ಪಿತು. ಮುಂದಿನ ಸಲ ರಾತ್ರಿ ಎರಡು ಗಂಟೆಗೆ ಧ್ವನಿವರ್ಧಕ ಕಟ್ಟಿದ ಜೀಪು ಓಣಿಗೆ ಬಂದಾಗ ಅದರಲ್ಲಿ ಕೂತವನು ಎರಡೂ ಭಾಷೆಗಳಲ್ಲಿ ಕೂಗಬೇಕೆಂಬ ನಿರ್ಣಯವನ್ನು ಇವತ್ತೇ ಮಾಡಿಡಲು ಪಂಚಾಯತುಗಳಿಗೆ ಯಾರ ಅಪ್ಪಣೆ ಬೇಕು?

ಗ್ರಾಮಸಭೆಯ ಸಂಗತಿಗೆ ಬರೋಣ. ಸಂವಿಧಾನದ 73ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದ ಮೇಲೆ ಊರಿನ ಮತದಾರರೆಲ್ಲ ಕೂಡಿದ ಗ್ರಾಮಸಭೆಗೆ ಸಂವಿಧಾನದಲ್ಲೇ ಸ್ಥಾನ ದೊರಕಿತು. ಆಂಧ್ರದ ಪಂಚಾಯತು ರಾಜ್ ಅಧಿನಿಯಮ 1994ರದ್ದು. 2024ರ ಆಗಸ್ಟ್ 23ರಂದು ಆಂಧ್ರಪ್ರದೇಶ ಸರಕಾರ ರಾಜ್ಯದ 13,326 ಗ್ರಾಮ ಪಂಚಾಯತುಗಳಲ್ಲಿ ಒಂದೇ ದಿನ ಗ್ರಾಮಸಭೆ ನಡೆಸಿ, ಅಂದಿನ ಉದ್ಯೋಗ ಖಾತರಿ ಯೋಜನೆಯ ಕಾಮಗಾರಿಗಳಿಗೆ ಒಪ್ಪಿಗೆ ಪಡೆಯಿತು. ಅದು ದಾಖಲೆ ಎಂದು ಪ್ರಶಸ್ತಿಪತ್ರವೂ ಬಂತು. ಒಳ್ಳೆಯ ಕೆಲಸವೆಂದು ನಾವು ಒಪ್ಪುತ್ತೇವೆ. ಆದರೆ ಒಂದೇ ದಿನ ಎಷ್ಟು ಊರುಗಳಲ್ಲಿ ಸಭೆ ಕೂಡಿತೆಂದು ಎಣಿಸುವುದು ಸುಲಭ. ಎಷ್ಟು ಊರುಗಳಲ್ಲಿ ಕೂತವರಿಗೆ ಓದಿದ ಪಟ್ಟಿ ಅರ್ಥವಾಯಿತೆಂದು ಎಣಿಸುವ ಪ್ರಶಸ್ತಿ ಇನ್ನೂ ಹುಟ್ಟಿಲ್ಲ.

ಈ ಪಡುವಣ ಕರ್ನೂಲು ಮಳೆ ನಂಬಿದ ನಾಡು, ಬರದ ನಾಡು. ಅಕ್ಷರದಲ್ಲಿಯೂ ಹಿಂದುಳಿದಿದೆ, ಅದರಲ್ಲೂ ಹೆಂಗಸರು. ಬೆಳೆ ಕೈಕೊಟ್ಟ ವರ್ಷ ಸಂಸಾರ ಸಹಿತ ಗುಂಟೂರು ಕಡೆಯ ಮೆಣಸಿನಕಾಯಿ ಹೊಲಗಳಿಗೆ ಕೂಲಿಗೆ ಹೋಗುವವರು ಈ ಹಳ್ಳಿಗಳಲ್ಲಿ ಬಹಳ. ಮೆಣಸಿನಕಾಯಿ ಬಿಡಿಸುವ ತಿಂಗಳುಗಳಲ್ಲಿ ಓಣಿಗೆ ಓಣಿಯೇ ಬೀಗ ಹಾಕಿರುತ್ತದೆ. ಆ ಹೊತ್ತಿನಲ್ಲಿ ಸಭೆ ಕರೆದರೆ ಬರುವವರು ಯಾರು? ನೋಟೀಸು ಯಾವ ಭಾಷೆಯದಾದರೂ ಬಾಗಿಲಿಗೇ ಅಂಟಿಕೊಂಡು ಒಣಗುತ್ತದೆ. ಆದುದರಿಂದ ಭಾಷೆಯೊಂದನ್ನು ಸರಿಪಡಿಸಿದರೆ ಎಲ್ಲ ಸರಿಯಾದೀತೆಂದು ನಾವು ಹೇಳುತ್ತಿಲ್ಲ. ಸಭೆಯ ದಿನವನ್ನು ಜನರಿರುವ ತಿಂಗಳಿಗೆ ಇಡಬೇಕು, ಇದ್ದ ಜನರಿಗೆ ಬಾಯಿಮಾತಿನಲ್ಲಿ ತಿಳಿಸಬೇಕು, ಸಭೆಯಲ್ಲಿ ಓದಿದ್ದನ್ನು ಅವರ ಮಾತಿನಲ್ಲಿ ಇನ್ನೊಮ್ಮೆ ಹೇಳಬೇಕು. ಕಡತವನ್ನು ಜನರ ಮುಂದೆ ಗಟ್ಟಿಯಾಗಿ ಓದುವ ಪದ್ಧತಿ ಆಂಧ್ರಕ್ಕೆ ಹೊಸದೂ ಅಲ್ಲ. 2006ರಿಂದ ಅಲ್ಲಿ ಬೆಳೆಸಿದ ಸಾಮಾಜಿಕ ಲೆಕ್ಕಪರಿಶೋಧನೆ ದೇಶಕ್ಕೇ ಮಾದರಿ ಎನಿಸಿಕೊಂಡಿತ್ತು. ಕೂಲಿಯವನ ಹೆಸರು, ದಿನ, ಮೊತ್ತ ಎಲ್ಲವನ್ನೂ ಊರ ನಡುವೆ ಓದುತ್ತಿದ್ದರು. ತೆಲುಗಿನಲ್ಲಿ ಓದಿದ್ದನ್ನು ಗಡಿ ಹಳ್ಳಿಗಳಲ್ಲಿ ಕನ್ನಡದಲ್ಲಿಯೂ ಓದಿದರೆ ಸಭೆ ಅರ್ಧ ಗಂಟೆ ಉದ್ದವಾದೀತು, ಅಷ್ಟೇ.

ಇನ್ನು ಸಭೆಯ ನಿರ್ಣಯದ ಪುಸ್ತಕ. ಅದರಲ್ಲಿ ಬರೆದುದೇನೆಂದು ತಿಳಿಯದೆ ಕೆಳಗೆ ಹೆಬ್ಬೆಟ್ಟು ಒತ್ತುವುದು ಸಾಲದ ಪತ್ರಕ್ಕೆ ಒತ್ತಿದಂತೆಯೇ. ಮನೆ ಯಾರಿಗೆ ಮಂಜೂರಾಯಿತು, ಯಾವ ಚರಂಡಿ ಯಾವ ಓಣಿಗೆ ಬಂತು ಎಂಬುದು ಆ ಪುಸ್ತಕದ ಪ್ರಕಾರವೇ ನಡೆಯುವುದು. ವರ್ಷದ ಮೇಲೆ ತಕರಾರು ಎತ್ತಿದವನಿಗೆ 'ನಿನ್ನ ಹೆಬ್ಬೆಟ್ಟೇ ಇದೆಯಲ್ಲ' ಎಂಬ ಉತ್ತರ ಸಿದ್ಧವಾಗಿರುತ್ತದೆ. ನಮ್ಮ ಓದುಗರಲ್ಲಿ ಯಾರಿಗಾದರೂ ಈ ಮಾತು ಬಹಳ ದೂರದ್ದೆಂದು ಅನಿಸಲಾರದು.

2019ರ ಆಗಸ್ಟ್ 15ರಂದು ಆಂಧ್ರದಲ್ಲಿ ಸುಮಾರು 50 ಮನೆಗಳಿಗೆ ಒಬ್ಬರಂತೆ ಸ್ವಯಂಸೇವಕರನ್ನು ನೇಮಿಸುವ ಏರ್ಪಾಡು ಆರಂಭವಾಯಿತು. ಅದೇ ವರ್ಷ ಗಾಂಧಿ ಜಯಂತಿಯಂದು ಗ್ರಾಮ ಸಚಿವಾಲಯಗಳು ತೆರೆದವು. ಆ ಸ್ವಯಂಸೇವಕರ ರಾಜಕೀಯದ ಬಗ್ಗೆ ಅಲ್ಲಿ ಬೇಕಾದಷ್ಟು ಜಗಳವಾಗಿದೆ, ಅದಕ್ಕೆ ನಾವು ಕೈಹಾಕುವುದಿಲ್ಲ. ಒಂದು ಗುಣ ಮಾತ್ರ ಹೇಳತಕ್ಕದ್ದು. ಐವತ್ತು ಮನೆಗಳ ನಡುವಿನಿಂದಲೇ ಬಂದ ಹುಡುಗನಿಗೋ ಹುಡುಗಿಗೋ ಆ ಮನೆಗಳ ಮಾತು ತಿಳಿದಿರುತ್ತದೆ. ಕಾಗದ ತೆಲುಗಿನದಾದರೂ ಬಾಗಿಲಲ್ಲಿ ನಿಂತು ವಿವರಿಸುವಾಗ ಕನ್ನಡ ಬರುತ್ತದೆ. 2024ರಲ್ಲಿ ಸರಕಾರ ಬದಲಾದ ಬಳಿಕ ಆ ಏರ್ಪಾಡು ಮುಂದುವರಿಯಲಿಲ್ಲ. ಈಗ ಮೊಬೈಲಿನಲ್ಲಿ ವಾಟ್ಸಾಪ್ ಮೂಲಕವೇ ಸರಕಾರಿ ಸೇವೆ ಕೊಡುವ 'ಮನ ಮಿತ್ರ' ಎಂಬುದನ್ನು 2025ರ ಜನವರಿ 30ರಂದು ಆರಂಭಿಸಿದ್ದಾರೆ. ಯಂತ್ರ ಚುರುಕಾಗಿರಬಹುದು, ಜಗಲಿಯಲ್ಲಿ ಕೂತು 'ಅಜ್ಜೀ, ಇದು ಹೀಗೆ' ಎನ್ನುವ ಕೆಲಸ ಅದರದ್ದಲ್ಲ.

ಇದನ್ನೆಲ್ಲ ದಯೆದಾಕ್ಷಿಣ್ಯದ ವಿಷಯವೆಂದು ತಿಳಿಯುವವರಿಗಾಗಿ ಕಾನೂನಿನ ಮಾತನ್ನೂ ಹೇಳಬೇಕು. ರಾಜ್ಯ ಪುನರ್ವಿಂಗಡಣೆಯ ಹೊತ್ತಿಗೆ, 1956ರ ಸೆಪ್ಟೆಂಬರಿನಲ್ಲಿ, ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ಕೇಂದ್ರ ಸರಕಾರ ಒಂದು ಜ್ಞಾಪನಪತ್ರ ಹೊರಡಿಸಿತು. ಪುರಸಭೆ, ತಹಶೀಲುಗಳಂಥ ಸಣ್ಣ ಪ್ರದೇಶಗಳಲ್ಲಿ ಒಂದು ಭಾಷೆಯ ಅಲ್ಪಸಂಖ್ಯಾತರು ನೂರಕ್ಕೆ 15ರಿಂದ 20ರಷ್ಟಿದ್ದರೆ ಮುಖ್ಯವಾದ ಸರಕಾರಿ ನೋಟೀಸು, ನಿಯಮಗಳನ್ನು ಅವರ ಭಾಷೆಯಲ್ಲಿಯೂ ಪ್ರಕಟಿಸುವುದು ಹಿತವೆಂದು ಅದರಲ್ಲಿ ಹೇಳಿದೆ. 1961ರ ಮುಖ್ಯಮಂತ್ರಿಗಳ ಸಮ್ಮೇಳನವೂ ಇದನ್ನು ಒಪ್ಪಿತು. ಗಮನಿಸಬೇಕಾದ ಅಂಶವೆಂದರೆ, ಲೆಕ್ಕ ಹಾಕಬೇಕಾದುದು ರಾಜ್ಯಕ್ಕಾಗಲಿ ಜಿಲ್ಲೆಗಾಗಲಿ ಮಾತ್ರವಲ್ಲ, ತಹಶೀಲಿಗೂ ಪುರಸಭೆಗೂ. ಕರ್ನೂಲು ಜಿಲ್ಲೆಯ ಒಟ್ಟು ಜನಸಂಖ್ಯೆಯೊಳಗೆ ಕನ್ನಡಿಗರನ್ನು ಎಣಿಸಿದರೆ ಸಾರಿನಲ್ಲಿ ಉಪ್ಪಿನಂತೆ ಕರಗಿಹೋಗುತ್ತಾರೆ. ಆದರೆ 1985ರಲ್ಲಿ ಆಂಧ್ರದಲ್ಲಿ ಹಳೆಯ ತಾಲೂಕುಗಳನ್ನು ಒಡೆದು ಸಣ್ಣ ಸಣ್ಣ ಮಂಡಲಗಳನ್ನು ಮಾಡಿದರು. ಆದವಾನಿ ಪೇಟೆಯ ಲೆಕ್ಕ ಬೇರೆ, ಹೊಳಗುಂದದ ಲೆಕ್ಕ ಬೇರೆ ಎಂದಾಯಿತು. ಗಡಿಯ ಮಂಡಲಗಳನ್ನು ಬಿಡಿಬಿಡಿಯಾಗಿ ಎಣಿಸಿದಾಗ ಚಿತ್ರ ಬದಲಾಗುತ್ತದೆ. ಅಲ್ಪಸಂಖ್ಯಾತರಿಗೆಂದು ಮಾಡಿದ ಸುಧಾರಣೆ ಅದಲ್ಲ. ಆದರೂ ಅವರ ಕೈಗೆ ಒಂದು ಅಳತೆಗೋಲು ಸಿಕ್ಕಿತು. ಅದನ್ನು ಹಿಡಿದು ಅಳೆದವರು ಮಾತ್ರ ಕಡಿಮೆ.

ಅಳೆಯುವ ಕಾಲ ಈಗ ಬಂದಿದೆ. 2011ರ ಬಳಿಕದ ಜನಗಣತಿ 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡು ನಡೆಯತಕ್ಕದ್ದು. ಮಾತೃಭಾಷೆಯ ಲೆಕ್ಕ ತಹಶೀಲು ಮಟ್ಟದವರೆಗೆ ಪ್ರಕಟವಾಗುತ್ತದೆ. ಎಣಿಕೆಯವನು ಕೇಳದೆಯೇ ತೆಲುಗು ಎಂದು ಬರೆದುಕೊಂಡು ಹೋದರೆ ಮುಂದಿನ ಹತ್ತು ವರ್ಷ ಆ ಮನೆ ತೆಲುಗು ಮನೆಯೇ. ಇಲ್ಲಿ ಮಲಯಾಳ ಎಂದು ಬರೆದರೂ ಹಾಗೆಯೇ.

ಇನ್ನೊಂದು ಕಾನೂನು ಇದಕ್ಕಿಂತ ಗಟ್ಟಿಯಾದದ್ದು. 2005ರ ಮಾಹಿತಿ ಹಕ್ಕು ಅಧಿನಿಯಮವನ್ನು ಅರ್ಜಿ ಹಾಕುವ ಕಾನೂನೆಂದೇ ಎಲ್ಲರೂ ಬಲ್ಲರು. ಅದರ 4ನೆಯ ಸೆಕ್ಷನಿನ 4ನೆಯ ಉಪವಿಧಿಯನ್ನು ಓದಿದವರು ಕಡಿಮೆ. ಸಾರ್ವಜನಿಕ ಕಚೇರಿ ತಾನಾಗಿ ಪ್ರಕಟಿಸಬೇಕಾದ ಮಾಹಿತಿಯನ್ನು ಹರಡುವಾಗ ಸ್ಥಳೀಯ ಭಾಷೆಯನ್ನೂ ಆ ಪ್ರದೇಶದಲ್ಲಿ ಹೆಚ್ಚು ಪರಿಣಾಮಕಾರಿಯಾದ ಸಂಪರ್ಕ ವಿಧಾನವನ್ನೂ ಗಮನದಲ್ಲಿಡಬೇಕೆಂದು ಅದು ಹೇಳುತ್ತದೆ. ಅಲ್ಲಿ ಬಳಸಿದ ಶಬ್ದ ಅಧಿಕೃತ ಭಾಷೆ ಎಂದಲ್ಲ, ಸ್ಥಳೀಯ ಭಾಷೆ ಎಂದು. ಅದೇ ಅಧಿನಿಯಮ ಅರ್ಜಿಯ ವಿಚಾರ ಬಂದಾಗ ಅಧಿಕೃತ ಭಾಷೆ ಎಂದು ಬೇರೆಯಾಗಿ ಹೇಳಿರುವುದರಿಂದ ಈ ವ್ಯತ್ಯಾಸ ಕಣ್ತಪ್ಪಿನಿಂದ ಆದದ್ದಲ್ಲ. ಹೊಳಗುಂದದ ಹಳ್ಳಿಯ ಸ್ಥಳೀಯ ಭಾಷೆ ಯಾವುದೆಂದು ತಿಳಿಯಲು ಅಮರಾವತಿಗೆ ಬರೆದು ಕೇಳಬೇಕಾಗಿಲ್ಲ. ಪಂಚಾಯತಿನ ಕಿಟಿಕಿ ತೆರೆದು ಕಿವಿಗೊಟ್ಟರೆ ಸಾಕು.

ಆಂಧ್ರಪ್ರದೇಶದ ಸ್ವಂತ ಕಾನೂನಿನಲ್ಲೂ ಬಾಗಿಲು ಮುಚ್ಚಿಲ್ಲ. 1966ರ ಅಧಿಕೃತ ಭಾಷಾ ಅಧಿನಿಯಮ ತೆಲುಗನ್ನು ಅಧಿಕೃತಗೊಳಿಸುವಾಗಲೇ, ಉರ್ದು ಅಥವಾ ಇತರ ಭಾಷೆಗಳನ್ನು ಬೇಕಾದ ಪ್ರದೇಶಗಳಲ್ಲಿ ಬೇಕಾದ ಕೆಲಸಗಳಿಗೆ ತೆಲುಗಿನೊಡನೆ ಬಳಸಲು ಸರಕಾರಕ್ಕೆ ಅಧಿಕಾರ ಕೊಟ್ಟಿದೆ. ಉರ್ದುವಿಗೆ 2022ರಲ್ಲಿ ರಾಜ್ಯದಾದ್ಯಂತ ಎರಡನೆಯ ಅಧಿಕೃತ ಭಾಷೆಯ ಸ್ಥಾನ ಬಂತು. ನಮಗೆ ಅದರಲ್ಲಿ ಸಂತೋಷವೇ ಹೊರತು ಮತ್ಸರವಿಲ್ಲ; ಆದವಾನಿಯಲ್ಲಿ ಉರ್ದು ಮಾತಾಡುವ ನೆರೆಯವನಿಗೆ ದೊರೆತ ಅನುಕೂಲ ಕನ್ನಡದವನಿಗೆ ದಾರಿ ತೋರಿಸುತ್ತದೆ. ಇನ್ನೂ ಸರಳವಾದ ಮಾತೊಂದಿದೆ. ಆಂಧ್ರದ ಹತ್ತನೆಯ ತರಗತಿಯ ಪಬ್ಲಿಕ್ ಪರೀಕ್ಷೆಯ ಮಾಧ್ಯಮಗಳಲ್ಲಿ ಕನ್ನಡವೂ ಒಂದು. ಗಡಿಯ ಕನ್ನಡ ಶಾಲೆಗಳ ಮಕ್ಕಳಿಗೆ ಪ್ರಶ್ನಪತ್ರಿಕೆ ಕನ್ನಡದಲ್ಲೇ ಅಚ್ಚಾಗಿ ಬರುತ್ತದೆ. ಅಂದರೆ ಗಣಿತ, ವಿಜ್ಞಾನಗಳನ್ನು ಕನ್ನಡದಲ್ಲಿ ಬರೆದು, ತಿದ್ದಿ, ಮುದ್ರಿಸುವ ಸಾಮರ್ಥ್ಯ ಆ ಸರಕಾರಕ್ಕಿದೆ. ಆ ಹುಡುಗಿ ಪರೀಕ್ಷೆ ಬರೆದು ಮನೆಗೆ ಬಂದಾಗ ಅಪ್ಪನ ಕೈಯಲ್ಲಿರುವ ನೀರಿನ ತೆರಿಗೆಯ ಬಿಲ್ಲು ಯಾಕೆ ಅವಳಿಗೆ ಓದಲು ಬರಬಾರದು?

ಸರಕಾರ ಆಜ್ಞೆ ಹೊರಡಿಸಲಿ ಎಂದು ಕಾಯುವುದು ನಮ್ಮ ಕಡೆಯ ಹಳೆಯ ಚಾಳಿ. ಕಾಸರಗೋಡಿನ ಅನುಭವ ಹೇಳುವುದೇ ಬೇರೆ. ನಮಗೆ 1969ರ ಕೇರಳ ಅಧಿಕೃತ ಭಾಷಾ ಅಧಿನಿಯಮವಿದೆ. ಕನ್ನಡದಲ್ಲಿ ಪತ್ರ ಬರೆದರೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳು ಕನ್ನಡದಲ್ಲೇ ಉತ್ತರಿಸಬೇಕೆಂದು ಅದರಲ್ಲಿದೆ. ಅಷ್ಟಿದ್ದರೂ ಮಲಯಾಳದಲ್ಲೇ ಅಚ್ಚಾದ ಕರಪತ್ರ, ನಮೂನೆಗಳನ್ನು ಹಿಡಿದು ಅಂಗಡಿಯವರ ಬಳಿಗೋ ಮಾಸ್ತರರ ಬಳಿಗೋ ಓಡುವ ಹಿರಿಯರನ್ನು ನಾವು ದಿನಾ ನೋಡುತ್ತೇವೆ. ಕಾನೂನು ಇದ್ದ ಮಾತ್ರಕ್ಕೆ ಕಾಗದ ಕನ್ನಡವಾಗುವುದಿಲ್ಲ. ಕಚೇರಿಯೊಳಗೆ ಕನ್ನಡ ಬಲ್ಲ ಒಬ್ಬನಾದರೂ ಇರಬೇಕು, ಹೊರಗೆ ಕೇಳುವ ಹತ್ತು ಮಂದಿ ಇರಬೇಕು. ಆದವಾನಿ ಕಡೆಯವರಿಗೆ ಇಷ್ಟು ಸ್ಪಷ್ಟವಾದ ಕಾನೂನಿನ ಆಧಾರವಿಲ್ಲದಿರಬಹುದು, ಆದರೆ ಪಂಚಾಯತಿನಲ್ಲಿ ಕೂತವರಲ್ಲಿ ಕನ್ನಡ ಬಲ್ಲವರಿಗೆ ಕೊರತೆಯಿಲ್ಲ. ನೀರು ಬಿಡುವ ದಿನ, ತೆರಿಗೆಯ ಗಡುವು, ಗ್ರಾಮಸಭೆಯ ದಿನ, ಆಕ್ಷೇಪಣೆಗೆ ಕೊನೆಯ ದಿನ, ನೆರೆಯ ಎಚ್ಚರಿಕೆ ಇಷ್ಟನ್ನು ತೆಲುಗಿನ ಕೆಳಗೆ ಕನ್ನಡದಲ್ಲಿ ಬರೆಸಲು ಬೇಕಾಗುವುದು ಒಂದು ಡಬ್ಬಿ ಬಣ್ಣ ಮತ್ತು ಸಭೆಯ ಒಂದು ನಿರ್ಣಯ.

ಆಕ್ಷೇಪಣೆಯ ಕೊನೆಯ ದಿನವನ್ನು ಬೇಕೆಂದೇ ಸೇರಿಸಿದ್ದೇವೆ. ಆಂಧ್ರದಲ್ಲಿ ಹೊಸ ಜಿಲ್ಲೆಗಳನ್ನು ರಚಿಸುವಾಗ 2022ರ ಜನವರಿ ಕೊನೆಗೆ ಕರಡು ಪ್ರಕಟಿಸಿ, ಆಕ್ಷೇಪಣೆಗೆ 30 ದಿನ ಕೊಟ್ಟರು; ಏಪ್ರಿಲ್ 4ಕ್ಕೆ ನಂದ್ಯಾಲ ಬೇರೆ ಜಿಲ್ಲೆಯಾಯಿತು, ಕರ್ನೂಲು ಜಿಲ್ಲೆ ಕಿರಿದಾಯಿತು. ಮೂವತ್ತು ದಿನವೆಂದರೆ ಕೂಲಿಗೆ ಹೋದವನು ಊರಿಗೆ ಮರಳುವುದರೊಳಗೆ ಮುಗಿಯುವ ಕಾಲ. ಪುರಸಭೆಯ ತೆರಿಗೆ ಏರಿಕೆಗೂ ನಗರ ಯೋಜನೆಗೂ ಇರುವ ಅವಧಿ ಇದಕ್ಕಿಂತ ದೊಡ್ಡದೇನಲ್ಲ. ಕೇಳುವ ಶಾಸ್ತ್ರ ಮುಗಿದ ಮೇಲೆ 'ನೀವು ಆಗ ಹೇಳಲಿಲ್ಲವಲ್ಲ' ಎಂದರೆ ಬಾಯಿ ಕಟ್ಟಿದಂತೆ. ಪೇಟೆಯಲ್ಲಿ ಇದು ಇನ್ನೂ ಕಷ್ಟ. ಸಂವಿಧಾನದ 74ನೆಯ ತಿದ್ದುಪಡಿ ವಾರ್ಡು ಸಮಿತಿಗಳನ್ನು ಕಡ್ಡಾಯ ಮಾಡಿದ್ದು 3 ಲಕ್ಷ ಅಥವಾ ಮಿಕ್ಕಿ ಜನರಿರುವ ನಗರಗಳಿಗೆ. 2011ರ ಜನಗಣತಿಯಲ್ಲಿ ಆದವಾನಿ ಪುರಸಭೆಯ ಜನಸಂಖ್ಯೆ 1 ಲಕ್ಷ 66 ಸಾವಿರಕ್ಕೂ ಮಿಕ್ಕಿ, ಅಂದರೆ ಆ ಕಡ್ಡಾಯದ ಹೊರಗೆ. ಇದಕ್ಕೆ ಹೋಲಿಸಿದರೆ ಕಾಸರಗೋಡಿನ ನಾವು ಭಾಗ್ಯವಂತರು. ಕೇರಳದ 1994ರ ಕಾನೂನು 1 ಲಕ್ಷಕ್ಕೆ ಮೀರದ ನಗರಸಭೆಗಳಲ್ಲಿ ವಾರ್ಡಿನ ಮತದಾರರೆಲ್ಲರ ವಾರ್ಡು ಸಭೆಯನ್ನೇ ಏರ್ಪಡಿಸಿದೆ. ಹಳ್ಳಿಗಳಲ್ಲಿ ಮೂರು ತಿಂಗಳಿಗೊಮ್ಮೆ ಗ್ರಾಮಸಭೆ ಸೇರಬೇಕು, ನೂರಕ್ಕೆ ಹತ್ತು ಮಂದಿ ಮತದಾರರಾದರೂ ಇರಬೇಕು. ಆ ಹತ್ತರಲ್ಲಿ ಕನ್ನಡಿಗರು ಎಷ್ಟು ಮಂದಿ ಹೋಗಿ ಕೂರುತ್ತಾರೆ, ಕೂತವರಲ್ಲಿ ಎಷ್ಟು ಮಂದಿ ಎದ್ದು ಕನ್ನಡದಲ್ಲಿ ಮಾತಾಡುತ್ತಾರೆ ಎಂಬ ಲೆಕ್ಕವನ್ನು ನಮ್ಮ ಸಂಘಸಂಸ್ಥೆಗಳು ಒಮ್ಮೆ ತೆಗೆಯಬೇಕು. ರಾಜ್ಯೋತ್ಸವದ ಸಭೆಗೆ ಸೇರುವಷ್ಟು ಜನ ವಾರ್ಡು ಸಭೆಗೆ ಸೇರಿದರೆ ನಡಾವಳಿಯ ಭಾಷೆ ತಾನಾಗಿ ಬದಲಾದೀತು.

ಕರ್ನಾಟಕ ಸರಕಾರಕ್ಕೂ ಒಂದು ಮಾತು. 2010ರಲ್ಲಿ ರಚಿಸಿದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರನಾಡ ಗಡಿಯ ಕನ್ನಡಕ್ಕೂ ನೆರವು ಕೊಡುತ್ತದೆ. ಅದರಲ್ಲಿ ಭವನ, ಉತ್ಸವಗಳಿಗೆ ಸಲ್ಲುವುದರ ಒಂದು ಪಾಲು ಸ್ಥಳೀಯ ಕಚೇರಿಗಳ ನೋಟೀಸುಗಳನ್ನು ಅನುವಾದಿಸುವ ಕೆಲಸಕ್ಕೆ ಸಂದರೆ, ಭವನದ ಬಾಗಿಲು ತೆರೆಯದ ಮುನ್ನೂರು ದಿನಗಳಲ್ಲೂ ಕನ್ನಡ ಓಡಾಡೀತು. ಜೊತೆಗೇ ಕಹಿಯಾದುದನ್ನೂ ಹೇಳಿಬಿಡುತ್ತೇವೆ. ಆದವಾನಿಯ ಕನ್ನಡಿಗ ಕೇಳುವುದನ್ನೇ ಬೆಳಗಾವಿಯ ಮರಾಠಿ ಮಾತಿನವನೂ ಕೇಳುತ್ತಾನೆ, ಅದೇ 15 ಶೇಕಡಾದ ಆಧಾರದ ಮೇಲೆ. ಅಲ್ಲಿನ ಗಡಿ ರಾಜಕೀಯವನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಅಲ್ಲಿನ ಮುದುಕನಿಗೆ ತೆರಿಗೆ ಬಿಲ್ಲು ಓದಲಾಗಬೇಕೆಂಬ ಬೇಡಿಕೆಗೂ ಗಡಿ ತಕರಾರಿಗೂ ನಂಟು ಕಟ್ಟಿದರೆ, ಅದೇ ನಂಟನ್ನು ಇಲ್ಲಿ ನಮ್ಮ ಕೊರಳಿಗೂ ಕಟ್ಟುತ್ತಾರೆ, ಕಟ್ಟಿಯೂ ಇದ್ದಾರೆ. ಬೆಂಗಳೂರಿನಲ್ಲಿ ಕೂತು ಹೊರನಾಡ ಕನ್ನಡಿಗರ ಬಗ್ಗೆ ಮರುಗುವವರು ಇದನ್ನು ಯೋಚಿಸಬೇಕು.

ಆಂಧ್ರದಲ್ಲಿ 2021ರಲ್ಲಿ ಚುನಾಯಿತವಾದ ಪಂಚಾಯತು, ಪುರಸಭೆಗಳಿಗೆ ಇದ್ದುದು ಐದು ವರ್ಷಗಳ ಅವಧಿ. ಹೊಸ ಚುನಾವಣೆಗೆ ಮತ ಕೇಳಲು ಬರುವವರು ಕನ್ನಡದ ಓಣಿಯಲ್ಲಿ ಕನ್ನಡದಲ್ಲೇ ಕೇಳುತ್ತಾರೆ. ಅದಕ್ಕೆ ಯಾವ ಆಜ್ಞೆಯೂ ಬೇಕಾಗುವುದಿಲ್ಲ. ಗೆದ್ದ ಮೇಲೂ ಅದೇ ಭಾಷೆಯಲ್ಲಿ ನೋಟೀಸು ಹಾಕಿಸುವಿರಾ ಎಂದು ಆಗಲೇ ಕೇಳಿ, ನಾಲ್ಕು ಜನರೆದುರು ಹೂಂಗುಟ್ಟಿಸಿಕೊಳ್ಳಬೇಕು. ಸಂವಿಧಾನದ 350ನೆಯ ಅನುಚ್ಛೇದದಂತೆ ಯಾವ ಪ್ರಜೆಯೂ ತನ್ನ ಅಹವಾಲನ್ನು ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು. ಆದುದರಿಂದ ಹೊಳಗುಂದದವರಾಗಲಿ ಮಂಜೇಶ್ವರದವರಾಗಲಿ ಅರ್ಜಿಯನ್ನು ಕನ್ನಡದಲ್ಲೇ ಬರೆಯಲಿ. ಜೊತೆಗೆ ತೆಲುಗಿನದೋ ಮಲಯಾಳದ್ದೋ ಒಂದು ಪ್ರತಿ ಇಟ್ಟರೆ ಗುಮಾಸ್ತರಿಗೂ ಉಪಕಾರವಾದೀತು. ಅರ್ಜಿ ಕೊಟ್ಟ ದಿನವೇ ತಾರೀಕು, ಮೊಹರು ಸಹಿತ ರಶೀದಿ ಪಡೆದುಕೊಳ್ಳಲಿ. ರಶೀದಿ ಕೊಡಲು ಒಪ್ಪದ ಕಡೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ಅಂಚೆಯ ಚೀಟಿಯನ್ನು ಅರ್ಜಿಯ ನಕಲಿಗೆ ಅಂಟಿಸಿಟ್ಟುಕೊಳ್ಳಲಿ.